ಹೆಪ್ಪು ಬಾಟ್ಲಲ್ಲಿ ಸಿಗತ್ತಾ?

ಈಗ ಯಾವ ಅಕ್ವೇರಿಯಂ ಅಂಗಡಿಗೆ ಹೋದ್ರೂ ಗಾಜಿನ ತೊಟ್ಟಿ, ಪಂಪು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲಾ ಬಿಲ್ ಆದ್ಮೇಲೆ ಕೊನೇಲಿ ಒಂದು ಪುಟ್ಟ ಬಾಟ್ಲು ತಂದು ಮುಂದೆ ಇಡ್ತಾರೆ. "ಇದು ಬ್ಯಾಕ್ಟೀರಿಯಾ ಮೇಡಂ. ಎರಡು ಮುಚ್ಚಳ ಹಾಕಿ, ಇವತ್ತೇ ಮೀನು ಬಿಡಿ, ಏನೂ ಆಗಲ್ಲ" ಅಂತಾರೆ. ದೀಪಾವಳಿ ಆದಮೇಲಿಂದ ನಮ್ಮ ಕಡೆಯೋರೇ ಮೂರು ಜನ ಇದೇ ಪ್ರಶ್ನೆ ಕೇಳಿದಾರೆ. ಆ ಬಾಟ್ಲು ನಿಜವಾಗ್ಲೂ ಕೆಲಸ ಮಾಡತ್ತಾ, ಇಲ್ಲಾ ದುಡ್ಡು ದಂಡಾನಾ? ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧರ್ಧ ಹೇಳೋ ಬದಲು ಇಲ್ಲೇ ಪೂರ್ತಿ ಬರೆದುಬಿಡ್ತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಬಾಟ್ಲಲ್ಲಿ ಬರೋ ಬ್ಯಾಕ್ಟೀರಿಯಾ ಅನ್ನೋದು ಪೂರ್ತಿ ಸುಳ್ಳಲ್ಲ. ಸರಿಯಾದ ಜಾತೀದು ಇದ್ದು, ಅದು ಜೀವಂತವಾಗೂ ಇದ್ರೆ, ತಿಂಗಳು ಹಿಡಿಯೋ ಕೆಲಸ ಬೇಗ ಮುಗಿಯತ್ತೆ. ಸುಳ್ಳು ಇರೋದು "ಇವತ್ತೇ ಮೀನು ಬಿಡಿ" ಅನ್ನೋ ಮಾತಲ್ಲಿ. ಬಾಟ್ಲು ಒಳ್ಳೇದೋ ಕೆಟ್ಟದ್ದೋ ಅಂತ ಪರೀಕ್ಷೆ ಮಾಡೋಕೆ ಮೀನಿನ ಜೀವ ಒಡ್ಡಬಾರದು. ಪರೀಕ್ಷೆಗೆ ಬೇರೆ ದಾರಿ ಇದೆ. ಬಾಟ್ಲಿಗಿಂತ ಒಳ್ಳೇ ಹೆಪ್ಪೂ ಇದೆ, ಅದಕ್ಕೆ ದುಡ್ಡೂ ಕೊಡಬೇಕಾಗಿಲ್ಲ.

ತೊಟ್ಟಿ ಒಳಗೆ ಏನು ನಡಿಯತ್ತೆ ಅಂತ ಗೊತ್ತಾದ್ರೆ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ಮೀನು ಉಸಿರಾಡುವಾಗ ಕಿವಿರಿನ ಮೂಲಕಾನೇ ಅಮೋನಿಯಾ ಹೊರಗೆ ಹಾಕತ್ತೆ. ತಿನ್ನದೇ ಬಿಟ್ಟ ಆಹಾರ, ಹೇಲು ಕೊಳೆತು ಇನ್ನಷ್ಟು ಅಮೋನಿಯಾ ಆಗತ್ತೆ. ಹೊಳೇಲಿ ಅದು ಹರಿದು ಹೋಗತ್ತೆ, ಎರಡಡಿ ಗಾಜಿನ ಡಬ್ಬೀಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಸೇರಿಕೊಂಡು ಕಿವಿರನ್ನ ಸುಡತ್ತೆ. ಆದ್ರೆ ಅಮೋನಿಯಾನೇ ಊಟ ಮಾಡೋ ಬ್ಯಾಕ್ಟೀರಿಯಾ ಇವೆ. ಅವು ಅದನ್ನ ನೈಟ್ರೈಟ್ ಅನ್ನೋದಾಗಿ ಬದಲಾಯಿಸ್ತವೆ. ಅದೂ ವಿಷಾನೇ, ಮೀನಿನ ರಕ್ತ ಆಮ್ಲಜನಕ ಹೊರೋದನ್ನೇ ತಪ್ಪಿಸತ್ತೆ. ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಬಂದು ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ. ಅದು ಸ್ವಲ್ಪ ಇದ್ರೆ ತೊಂದರೆ ಇಲ್ಲ. ಗಿಡ ಇದ್ರೆ ಹೀರಿಕೊಳ್ಳತ್ತೆ, ಮಿಕ್ಕಿದ್ದು ವಾರಕ್ಕೊಮ್ಮೆ ನೀರು ಬದಲಾಯಿಸಿದಾಗ ಹೋಗತ್ತೆ. ಹೊಸ ತೊಟ್ಟೀಲಿ ಈ ಅಡಿಗೆಯೋರು ಯಾರೂ ಇರಲ್ಲ. ತಾವಾಗೇ ಬಂದು ನೆಲೆ ನಿಲ್ಲೋಕೆ 4ರಿಂದ 6 ವಾರ ಬೇಕು. ನಾವು ಮೀನು ಬಿಡೋದು ಮೊದಲನೇ ದಿನ. ಮೂರನೇ ದಿನಕ್ಕೋ ಹತ್ತನೇ ದಿನಕ್ಕೋ ಮೀನು ಮೇಲೆ ಬಂದು ಬಾಯಿ ಬಿಡೋದು ಅದಕ್ಕೇನೇ.

ನಮಗೆಲ್ಲಾ ಗೊತ್ತಿರೋ ಹಾಗೆ ಹೇಳೋದಾದ್ರೆ ಇದು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಹಾಲು ಇರಬೇಕು, ಹದವಾದ ಬಿಸಿ ಇರಬೇಕು, ಜೀವ ಇರೋ ಹೆಪ್ಪು ಇರಬೇಕು, ಆಮೇಲೆ ಪಾತ್ರೆ ಅಲ್ಲಾಡಿಸದೆ ಬಿಡಬೇಕು. ಒಂದೇ ಒಂದು ವ್ಯತ್ಯಾಸ ಇದೆ. ಮೊಸರಿನ ಬ್ಯಾಕ್ಟೀರಿಯಾ ಒಂದು ಗಂಟೆ ಆಚೀಚೆಗೆಲ್ಲಾ ಒಂದು ಎರಡಾಗತ್ತೆ, ಅದಕ್ಕೇ ರಾತ್ರಿ ಹಾಕಿದ್ದು ಬೆಳಿಗ್ಗೆ ಗಟ್ಟಿ. ತೊಟ್ಟಿ ಬ್ಯಾಕ್ಟೀರಿಯಾಗೆ ಒಂದು ಎರಡಾಗೋಕೆ ಅರ್ಧ ದಿನ, ಒಂದು ದಿನ, ಕೆಲವು ಸಲ ಇನ್ನೂ ಜಾಸ್ತಿ ಬೇಕು. ಎಷ್ಟೇ ಒಳ್ಳೇ ಹೆಪ್ಪು ತಂದ್ರೂ ಈ ಮೊಸರು ಒಂದೇ ರಾತ್ರೀಲಿ ಹೆಪ್ಪುಗಟ್ಟಲ್ಲ.

ಇನ್ನು ಬಾಟ್ಲಲ್ಲಿ ಇರೋದು ಯಾವ ಜಾತಿ ಅನ್ನೋ ಪ್ರಶ್ನೆ. ಇದರ ಕಥೆ ಸ್ವಾರಸ್ಯವಾಗಿದೆ. ಈ ಬ್ಯಾಕ್ಟೀರಿಯಾಗಳನ್ನ 1890ರ ಸುಮಾರಿಗೆ ಮಣ್ಣಿಂದ ಬೇರೆ ಮಾಡಿ ತೋರಿಸಿದೋರು ಸೆರ್ಗೇಯ್ ವಿನೊಗ್ರಾಡ್ಸ್ಕಿ ಅನ್ನೋ ರಷ್ಯಾದ ವಿಜ್ಞಾನಿ. ಅಲ್ಲಿಂದ ನೂರು ವರ್ಷ ಎಲ್ಲಾ ಪುಸ್ತಕದಲ್ಲೂ ನೈಟ್ರೈಟ್ ತಿನ್ನೋದು ನೈಟ್ರೋಬ್ಯಾಕ್ಟರ್ ಅಂತಾನೇ ಬರೀತಿದ್ರು. 1998ರಲ್ಲಿ ಅಮೆರಿಕದ ಟಿಮ್ ಹೊವನೆಕ್ ಮತ್ತು ಜೊತೆಯೋರು ಸಿಹಿನೀರಿನ ಅಕ್ವೇರಿಯಂಗಳನ್ನ ಪರೀಕ್ಷೆ ಮಾಡಿ ನೋಡಿದ್ರೆ, ಅಲ್ಲಿ ಆ ಕೆಲಸ ಮಾಡ್ತಿದ್ದಿದ್ದು ನೈಟ್ರೋಸ್ಪೈರಾ ಅನ್ನೋ ಬೇರೆ ಜಾತಿ. ಅಂದ್ರೆ ಅಲ್ಲೀವರೆಗೂ ಪುಸ್ತಕ ನಂಬಿ ನೈಟ್ರೋಬ್ಯಾಕ್ಟರ್ ತುಂಬಿ ಮಾರಿದ ಬಾಟ್ಲುಗಳಲ್ಲಿ ಇದ್ದಿದ್ದು ಬೇರೆ ಮನೆ ಹೆಪ್ಪು! 2015ರಲ್ಲಿ ಇನ್ನೂ ಒಂದು ಗೊತ್ತಾಯ್ತು. ಅಮೋನಿಯಾದಿಂದ ನೈಟ್ರೇಟ್‌ವರೆಗೂ ಒಬ್ಬಳೇ ಪೂರ್ತಿ ಅಡಿಗೆ ಮುಗಿಸೋ ನೈಟ್ರೋಸ್ಪೈರಾನೂ ಇದೆ ಅಂತ. ಹೊವನೆಕ್ ಆಮೇಲೆ ತಾವೇ ತಮ್ಮ ಹೆಸರಲ್ಲಿ ಬಾಟ್ಲು ಮಾಡಿ ಮಾರೋಕೆ ಶುರು ಮಾಡಿದ್ರು. ಹಾಗಾಗಿ ಅವರ ಮಾತನ್ನ ವ್ಯಾಪಾರಿ ಮಾತು ಅಂತ ಸ್ವಲ್ಪ ಕಳೆದೇ ಕೇಳಿದ್ರೂ ಆ 1998ರ ಕೆಲಸ ಗಟ್ಟಿ.

ಅಂಗಡೀಲಿ ಸಿಗೋ ಬಾಟ್ಲುಗಳಲ್ಲಿ ಎರಡು ಪಂಗಡ ಅಂತ ತಿಳ್ಕೊಳ್ಳಿ. ಒಂದರಲ್ಲಿ ಈ ಅಮೋನಿಯಾ, ನೈಟ್ರೈಟ್ ತಿನ್ನೋ ಜಾತಿಗಳು ಇರತ್ತೆ. ಇವು ಬಹಳ ನಾಜೂಕು, ಬೀಜ ಕಟ್ಟಲ್ಲ. ಬಿಸಿಲಿಗೆ ಇಟ್ರೆ ಸಾಯ್ತವೆ, ತುಂಬಾ ದಿನ ಊಟ ಇಲ್ಲದೆ ಇಟ್ರೂ ಸೊರಗ್ತವೆ. ಅದಕ್ಕೇ ಇಂಥ ಕೆಲವು ಬಾಟ್ಲುಗಳನ್ನ ತಯಾರಿಸೋರೇ ಫ್ರಿಜ್ಜಲ್ಲಿ ಇಡಿ ಅಂತಾರೆ. ಇನ್ನೊಂದು ಪಂಗಡದಲ್ಲಿ ಬ್ಯಾಸಿಲಸ್ ಅನ್ನೋ ಜಾತಿ ಇರತ್ತೆ. ಇದು ಬೀಜದ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ವರ್ಷಗಟ್ಟಲೆ ಮಲಗಬಲ್ಲದು, ಅದಕ್ಕೆ ಶೆಲ್ಫ್ ಮೇಲೆ ಇಟ್ಟು ಮಾರೋಕೆ ಅನುಕೂಲ. ತಳದ ಕೊಳಕು ಕೊಳೆಸಿ ಕರಗಿಸೋಕೆ ಇದು ಸಹಾಯ ಮಾಡತ್ತೆ. ಆದ್ರೆ ಅಮೋನಿಯಾವನ್ನ ನೈಟ್ರೇಟ್ ಮಾಡೋದು ಇದರ ಕಸುಬಲ್ಲ. ಕೊಳಕು ಕರಗಿದಾಗ ಬರೋದೂ ಅಮೋನಿಯಾನೇ ತಾನೆ? ಪಾತ್ರೆ ತೊಳೆಯೋಕೆ ಬಂದೋಳನ್ನ ಅಡಿಗೆ ಮಾಡು ಅಂದ ಹಾಗಾಗತ್ತೆ. ಎರಡೂ ಬಾಟ್ಲಿನ ಮೇಲೂ ಬರೆದಿರೋದು ಒಂದೇ, "ಉಪಯುಕ್ತ ಬ್ಯಾಕ್ಟೀರಿಯಾ".

ಈಗ ನಮ್ಮೂರಿನ ವಿಷಯಕ್ಕೆ ಬನ್ನಿ. ನಾಜೂಕು ಜಾತಿ ಬಾಟ್ಲು ಯಾವುದೋ ದೇಶದಲ್ಲಿ ತಯಾರಾಗಿ, ಹಡಗಲ್ಲಿ ಬಂದು, ಗೋಡೌನಲ್ಲಿ ಕೂತು, ಏಪ್ರಿಲ್ ತಿಂಗಳ ಬಿಸಿಲಲ್ಲಿ ಲಾರಿ ಹತ್ತಿ, ಕೊನೆಗೆ ಅಂಗಡಿ ಬಾಗಿಲ ಪಕ್ಕದ ಶೆಲ್ಫ್ ಮೇಲೆ ಬಂದು ನಿಲ್ಲತ್ತೆ. ಹೊರಗಿಂದ ನೋಡಿದ್ರೆ ಸತ್ತ ಬಾಟ್ಲಿಗೂ ಬದುಕಿರೋ ಬಾಟ್ಲಿಗೂ ವ್ಯತ್ಯಾಸಾನೇ ಗೊತ್ತಾಗಲ್ಲ. ಎರಡರಲ್ಲೂ ಮಡ್ಡಿ ನೀರು. ಮೊಸರಾದ್ರೆ ಮೂಸಿ ಹೇಳಬಹುದು, ಇದನ್ನ ಏನಂತ ಮೂಸೋದು?

ಬಾಟ್ಲು ಬದುಕೇ ಇದೆ ಅಂತ ಇಟ್ಕೊಂಡ್ರೂ ನಾವೇ ಅದನ್ನ ಸಾಯಿಸೋ ದಾರಿ ಮೂರಿವೆ. ಮೊದಲನೇದು ನಲ್ಲಿ ನೀರು. 1974ರಿಂದ ನಮ್ಮೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರ್ತಿದೆ. ದಾರೀಲಿ ಕ್ರಿಮಿ ಸಾಯಲಿ ಅಂತ ಕ್ಲೋರಿನ್ ಹಾಕೇ ಕಳಿಸ್ತಾರೆ. ಕ್ಲೋರಿನ್‌ಗೆ ಒಳ್ಳೇ ಕ್ರಿಮಿ, ಕೆಟ್ಟ ಕ್ರಿಮಿ ಅನ್ನೋ ಭೇದ ಇಲ್ಲ. ನೀರು ಬಿಟ್ಟ ದಿನ ನೇರ ನಲ್ಲಿಯಿಂದ ತೊಟ್ಟಿ ತುಂಬಿಸಿ ಬಾಟ್ಲು ಸುರಿದ್ರೆ ಕುದಿಯೋ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಗಲವಾದ ಬಕೆಟ್ಟಲ್ಲಿ ಒಂದು ದಿನ ತೆರೆದಿಡಿ, ಇಲ್ಲಾ ಅಂಗಡೀಲಿ ಸಿಗೋ ಕ್ಲೋರಿನ್ ತೆಗೆಯೋ ಹನಿ ಹಾಕಿ.

ಎರಡನೇದು ಆರ್.ಓ. ನೀರು. "ಕುಡಿಯೋ ನೀರೇ ಹಾಕಿದೀನಿ, ಇನ್ನೇನು ಬೇಕು" ಅಂತಾರೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡ್ತಾ ಮಾಡ್ತಾ ನೀರನ್ನ ಹುಳಿ ಮಾಡತ್ತೆ. ನೀರಲ್ಲಿ ಸುಣ್ಣದ ಅಂಶ ಇದ್ರೆ ಆ ಹುಳಿಯನ್ನ ತಡೆಯತ್ತೆ. ಆರ್.ಓ. ಅದನ್ನೆಲ್ಲಾ ತೆಗೆದುಹಾಕಿರತ್ತೆ, ನೀರು ಹುಳಿಯಾಗಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸತ್ತೆ. ಪಾತ್ರೇಲಿ ಬಿಳಿ ಕಲೆ ಕಟ್ಟೋ ಬೋರ್‌ವೆಲ್ ನೀರು ಈ ವಿಷಯದಲ್ಲಿ ಮೇಲು. ಆದ್ರೆ ಅದರಲ್ಲಿ ಇನ್ನೊಂದು ಕಷ್ಟ ಇದೆ. ನೀರು ಕ್ಷಾರ ಆದಷ್ಟೂ ಅಮೋನಿಯಾ ಖಾರ. ಪಿ.ಎಚ್. 7 ಇದ್ದಿದ್ದು 8 ಆದ್ರೆ ವಿಷ ರೂಪದ ಅಮೋನಿಯಾ ಹೆಚ್ಚು ಕಮ್ಮಿ ಹತ್ತು ಪಟ್ಟು ಆಗತ್ತೆ. ಹಾಗಾಗಿ ಬೋರ್ ನೀರಿನ ಮನೆಯೋರು ಇನ್ನೂ ಜಾಸ್ತಿ ತಾಳ್ಮೆ ಇಟ್ಕೋಬೇಕು.

ಮೂರನೇದು ಹಸಿವು. ಬರೀ ನೀರಿಗೆ ಬಾಟ್ಲು ಸುರಿದು, ಮೀನೂ ಇಲ್ಲದೆ ಆಹಾರಾನೂ ಇಲ್ಲದೆ, "ನಾನು ಒಂದು ತಿಂಗಳು ಕಾದೆ ಕಣೇ" ಅಂದ್ರೆ ಅದು ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಕಾದ ಹಾಗೆ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡಬೇಕು. ಪಂಪು ಹಗಲೂ ರಾತ್ರಿ ಓಡ್ತಿರಬೇಕು, ಈ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು. ಕರೆಂಟ್ ಬಿಲ್ ಅಂತ ರಾತ್ರಿ ಆರಿಸಬೇಡಿ. ಡಿಸೆಂಬರ್ ಚಳೀಲಿ ಮೊಸರು ತಡ ಆಗೋ ಹಾಗೆ ಇದೂ ತಡ ಆಗತ್ತೆ, ಒಂದು ವಾರ ಜಾಸ್ತಿ ಇಟ್ಕೊಳ್ಳಿ.

ಹಾಗಾದ್ರೆ ಒಳ್ಳೇ ಹೆಪ್ಪು ಯಾವುದು? ಮೊಸರಿಗೆ ನಾವು ಏನು ಮಾಡ್ತೀವೋ ಅದೇ. ಪಕ್ಕದ ಮನೇಲಿ ಕೇಳಿ. ಆರೆಂಟು ತಿಂಗಳಿಂದ ಚೆನ್ನಾಗಿ ನಡೀತಿರೋ ತೊಟ್ಟಿಯ ಫಿಲ್ಟರ್‌ನಿಂದ ಸ್ಪಂಜಿನ ಒಂದು ತುಂಡು, ಇಲ್ಲಾ ಒಂದು ಹಿಡಿ ತಳದ ಜಲ್ಲಿ. ನೋಡೋಕೆ ಕಂದು ಲೋಳೆ, ಮುಟ್ಟೋಕೆ ಅಸಹ್ಯ ಆಗಬಹುದು. ಆ ಲೋಳೇನೇ ಚಿನ್ನ. ಬ್ಯಾಕ್ಟೀರಿಯಾ ಮನೆ ಕಟ್ಟಿಕೊಂಡಿರೋದು ಅಲ್ಲಿ, ನೀರಲ್ಲಿ ಅಲ್ಲ. ಕೆಲವರು ಹಳೇ ತೊಟ್ಟಿಯ ನೀರನ್ನ ಬಿಂದಿಗೇಲಿ ಹೊತ್ತುಕೊಂಡು ಬರ್ತಾರೆ. ಅದು ಮೊಸರು ಬಿಟ್ಟು ಮೊಸರಿನ ಪಾತ್ರೆ ತೊಳೆದ ನೀರು ತಂದ ಹಾಗೆ. ಸ್ಪಂಜನ್ನ ಅದೇ ತೊಟ್ಟಿಯ ನೀರು ತುಂಬಿದ ಡಬ್ಬೀಲಿ ಹಾಕಿ, ಒಣಗೋಕೆ ಬಿಡದೆ, ಒಂದೆರಡು ಗಂಟೆ ಒಳಗೆ ತಂದು ನಿಮ್ಮ ಫಿಲ್ಟರ್ ಒಳಗೆ ಸೇರಿಸಿ. ಒಂದೇ ಎಚ್ಚರ, ಆ ತೊಟ್ಟೀಲಿ ಇತ್ತೀಚೆಗೆ ಮೀನಿಗೆ ಬಿಳಿ ಚುಕ್ಕೆ ಗಿಕ್ಕೆ ರೋಗ ಬಂದಿರಬಾರದು. ಹೆಪ್ಪಿನ ಜೊತೆ ರೋಗಾನೂ ಬರತ್ತೆ.

ಇದು ನನ್ನ ಅಜ್ಜಿ ಲೆಕ್ಕ ಅಂತ ಅಂದ್ಕೋಬೇಡಿ. ಅಪಾರ್ಟ್‌ಮೆಂಟಲ್ಲಿ ಇರೋ ನಮ್ಮ ಹುಡುಗೀರಿಗೆ ಗೊತ್ತಿರತ್ತೆ, ಅಲ್ಲಿ ಕೊಳಚೆ ನೀರು ಶುದ್ಧಿ ಮಾಡೋ ಎಸ್.ಟಿ.ಪಿ. ಇರತ್ತಲ್ಲ, ಅದನ್ನ ಹೊಸದಾಗಿ ಶುರು ಮಾಡುವಾಗ ನಡೀತಿರೋ ಬೇರೆ ಎಸ್.ಟಿ.ಪಿ.ಯಿಂದ ಕೆಸರು ತಂದು ಸುರೀತಾರೆ. ಅಲ್ಲೂ ಅಮೋನಿಯಾ ತಿನ್ನೋದು ಇದೇ ಬಳಗದ ಬ್ಯಾಕ್ಟೀರಿಯಾ. ಲಕ್ಷಗಟ್ಟಲೆ ಲೀಟರ್ ಶುದ್ಧಿ ಮಾಡೋ ಇಂಜಿನಿಯರುಗಳೂ ಪಕ್ಕದ ಮನೆ ಹೆಪ್ಪನ್ನೇ ನಂಬ್ತಾರೆ ಅಂದ್ಮೇಲೆ ನಮಗೇನು ಸಂಕೋಚ?

ಇಲ್ಲಿ ದೊಡ್ಡೋರು ಒಂದು ಮಾತು ಕೇಳೇ ಕೇಳ್ತಾರೆ. "ಹಿಂದೆ ಚಾಮರಾಜಪೇಟೆ, ಬಸವನಗುಡಿ ಮನೆಗಳ ಬಾವೀಲಿ ಮೀನು ಇರ್ತಿತ್ತು. ಅದಕ್ಕೆ ಯಾರು ಬ್ಯಾಕ್ಟೀರಿಯಾ ಹಾಕಿದ್ರು?" ನ್ಯಾಯವಾದ ಪ್ರಶ್ನೆ. ಬಾವೀಲಿ ಸಾವಿರಾರು ಲೀಟರ್ ನೀರು, ಪಾಚಿ ಕಟ್ಟಿದ ಕಲ್ಲಿನ ಗೋಡೆ, ಮೀನು ಮಾತ್ರ ನಾಲ್ಕೋ ಐದೋ. ಆ ಕಲ್ಲಿನ ಮೇಲೆ ಎಷ್ಟೋ ವರ್ಷದ ಹೆಪ್ಪು ಕೂತಿತ್ತು. ಈಗಲೂ ಆರೋಗ್ಯ ಇಲಾಖೆಯೋರು ಸೊಳ್ಳೆಮರಿ ತಿನ್ನಲಿ ಅಂತ ಬಾವಿ, ಕೊಳಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡ್ತಾರೆ, ಅವು ಬಾಟ್ಲಿಲ್ಲದೇ ಬದುಕ್ತವೆ. ಆದ್ರೆ ಕೊಳಕು ಅಳತೆ ಮೀರಿದ್ರೆ ಎಷ್ಟು ದೊಡ್ಡ ನೀರೂ ತಡೆಯಲ್ಲ. 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ಕೊಳಚೆ ಸೇರಿ, ಆಮ್ಲಜನಕ ಇಲ್ಲದೆ, ಸಾವಿರಾರು ಮೀನು ಸತ್ತು ತೇಲಿದ್ವು. ಕೆರೆ ಗತಿಯೇ ಹಾಗಾದ್ರೆ ಟೀಪಾಯಿ ಮೇಲಿನ ಗಾಜಿನ ಬಟ್ಟಲು ಯಾವ ಲೆಕ್ಕ? ಫಿಲ್ಟರೇ ಇಲ್ಲದ ಆ ದುಂಡು ಬಟ್ಟಲಿಗೆ ಯಾವ ಬಾಟ್ಲು ಹಾಕಿದ್ರೂ ಬ್ಯಾಕ್ಟೀರಿಯಾ ಕೂರೋಕೆ ಜಾಗಾನೇ ಇರಲ್ಲ.

ಇನ್ನು ಪರೀಕ್ಷೆ. ಬಾಟ್ಲು ಹಾಕಿ, ಸ್ಪಂಜು ಹಾಕಿ, ಏನೇ ಹಾಕಿ, ಆಗಿದ್ಯೋ ಇಲ್ವೋ ಅಂತ ಹೇಳೋದು ಒಂದೇ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡೋ ಹನಿ ಕಿಟ್. ಬಾಟ್ಲಿಗಿಂತ ಬೆಲೆ ಸ್ವಲ್ಪ ಜಾಸ್ತಿ ಆಗಬಹುದು, ಆದ್ರೆ ಎರಡು ಮೂರು ಮನೆ ಸೇರಿ ಒಂದು ತಗೊಳ್ಳಿ. ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಆಹಾರ ಹಾಕ್ತಾ ಎರಡು ದಿನಕ್ಕೊಮ್ಮೆ ನೋಡಿ. ಮೊದಲು ಅಮೋನಿಯಾ ಏರತ್ತೆ, ಆಮೇಲೆ ಅದು ಇಳೀತಾ ನೈಟ್ರೈಟ್ ಏರತ್ತೆ, ಆಮೇಲೆ ಅದೂ ಇಳಿಯತ್ತೆ. ಆಹಾರ ಹಾಕ್ತಿದ್ರೂ ಎರಡೂ 0 ತೋರಿಸಿ, ನೈಟ್ರೇಟ್ ಮಾತ್ರ ಕಾಣಿಸಿದ್ರೆ ಮೊಸರು ಗಟ್ಟಿ ಆಯ್ತು ಅಂತ ಅರ್ಥ. ಬಾಟ್ಲು ಹಾಕಿ ಎರಡು ವಾರ ಆದ್ರೂ ಅಮೋನಿಯಾ ಇಳಿಯೋ ಲಕ್ಷಣಾನೇ ಇಲ್ಲ ಅಂದ್ರೆ ಆ ಬಾಟ್ಲು ಕೆಲಸಕ್ಕೆ ಬರಲ್ಲ ಅಂತ ತಿಳ್ಕೊಳ್ಳಿ. ಒಂದು ಮೀನೂ ಸಾಯದೇ ವಿಷಯ ಗೊತ್ತಾಯ್ತಲ್ಲ!

ಮೀನು ಆಗ್ಲೇ ಬಿಟ್ಟಾಗಿದೆ, ಮೇಲೆ ಬಂದು ಒದ್ದಾಡ್ತಿವೆ ಅಂದ್ರೆ ಇನ್ನೊಂದು ಬಾಟ್ಲು ತರೋಕೆ ಓಡಬೇಡಿ. ಕ್ಲೋರಿನ್ ತೆಗೆದ ನೀರಲ್ಲಿ ಮೂರರಲ್ಲೊಂದು ಭಾಗ ಬದಲಾಯಿಸಿ, ಮಾರನೇ ದಿನ ಮತ್ತೆ ಮಾಡಿ, ಎರಡು ಮೂರು ದಿನ ಊಟ ನಿಲ್ಲಿಸಿ. ಮೀನು ಉಪವಾಸಕ್ಕೆ ಸಾಯಲ್ಲ, ನಮ್ಮ ಪ್ರೀತಿಯ ಊಟಕ್ಕೆ ಸಾಯತ್ತೆ. ನೀರು ಹಾಲಿನ ಹಾಗೆ ಬೆಳ್ಳಗಾದ್ರೂ ಗಾಬರಿ ಬೇಡ, ಹೊಸ ತೊಟ್ಟೀಲಿ ಹಾಗಾಗತ್ತೆ, ತಾನೇ ತಿಳಿಯಾಗತ್ತೆ.

ಅಲ್ಲೇ ನಮ್ಮ ಮಡಿ ಬುದ್ಧಿ ಕೆಲಸ ಕೆಡಿಸೋದು. ಭಾನುವಾರ ಬಂದ್ರೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಕಲ್ಲು ತಿಕ್ಕಿ, ಸ್ಪಂಜನ್ನ ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಫಳಫಳ ಅಂತ ಜೋಡಿಸಿ ಇಡ್ತೀವಿ. ತಿಂಗಳುಗಟ್ಟಲೆ ಕೂತ ಹೆಪ್ಪು ಚರಂಡಿ ಪಾಲು. ಆಮೇಲೆ ಮತ್ತೆ ಬಾಟ್ಲು. ಸ್ಪಂಜನ್ನ ತೊಟ್ಟಿಯಿಂದ ತೆಗೆದ ನೀರಲ್ಲೇ ಎರಡು ಸಲ ಅದ್ದಿ ತೆಗೆದ್ರೆ ಸಾಕು, ಅದೂ ನೀರು ಸರಾಗ ಹರೀದೇ ಇದ್ದಾಗ ಮಾತ್ರ. ಸೋಪು, ವಿಮ್ ಹತ್ರಾನೂ ತರಬೇಡಿ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟುದ್ದ ಯಾಕೆ ಬರೀತೀಯ ಅಂತ ಕೇಳಬಹುದು. ನನಗೆ ನಿಜವಾಗಿ ಬೇಜಾರಾಗೋದು ಬೇರೆ ಒಂದು ಮಾತಿಗೆ. ಗೃಹಪ್ರವೇಶಕ್ಕೆ ವಾಸ್ತು ಅಂತ ಒಂಬತ್ತು ಮೀನು ತರ್ತೀವಿ, ಎಂಟು ಬಂಗಾರದ್ದು, ಒಂದು ಕಪ್ಪು. ಗೋಲ್ಡ್‌ಫಿಶ್ ಅಂದ್ರೆ ದೊಡ್ಡದಾಗಿ ಬೆಳೆಯೋ, ಜಾಸ್ತಿ ಗಲೀಜು ಮಾಡೋ ಮೀನು. ಒಂಬತ್ತನ್ನ ಒಂದೇ ದಿನ ಎರಡಡಿ ಹೊಸ ತೊಟ್ಟಿಗೆ ಬಿಟ್ರೆ ಯಾವ ದೇವರ ಹೆಪ್ಪೂ ತಡೆಯಲ್ಲ. ಒಂದೊಂದೇ ಹೋಗತ್ತೆ. ಆಗ ಯಾರಾದ್ರೂ ಹೇಳ್ತಾರೆ: "ಬಿಡು, ಮನೆ ಮೇಲೆ ಬರೋ ಕಷ್ಟ ಅದರ ಮೇಲೆ ಹೋಯ್ತು." ಹೇಳೋರ ಮನಸ್ಸು ಒಳ್ಳೇದೇ, ಸಮಾಧಾನಕ್ಕೆ ಹೇಳೋದು. ಆದ್ರೆ ಆ ಸಮಾಧಾನ ಸಿಕ್ಕಿದ ಕೂಡ್ಲೇ ನಾವು ಯಾಕೆ ಸತ್ತಿತು ಅಂತ ಕೇಳೋದನ್ನ ಬಿಡ್ತೀವಿ. ಮುಂದಿನ ವಾರ ಹೊಸ ಮೀನು, ಹೊಸ ಬಾಟ್ಲು. ಪಕ್ಕದಲ್ಲಿ ನಿಂತಿರೋ ಮಗು ಮಾತ್ರ ಎಲ್ಲಾ ನೋಡ್ತಿರತ್ತೆ. ಜೀವ ಅಂದ್ರೆ ಹೋದ್ರೆ ಇನ್ನೊಂದು ತರೋ ಸಾಮಾನು ಅಂತ ಅದು ಕಲಿಯತ್ತೆ. ಅದೇ ಮಗುವಿನ ಕೈಗೆ ಹನಿ ಕಿಟ್ ಕೊಟ್ಟು, ಖಾಲಿ ತೊಟ್ಟಿ ಮುಂದೆ ಒಂದು ತಿಂಗಳು ಬಣ್ಣ ನೋಡಿ ಕ್ಯಾಲೆಂಡರಲ್ಲಿ ಬರಿ ಅಂದ್ರೆ, ಕಾಯೋದನ್ನೂ ಕಲಿಯತ್ತೆ, ಕಣ್ಣಿಗೆ ಕಾಣದ ಜೀವಗಳ ಲೆಕ್ಕಾನೂ ಕಲಿಯತ್ತೆ. ಯಾವ ಶಾಲೆ ಪ್ರಾಜೆಕ್ಟಿಗೂ ಇದು ಕಮ್ಮಿ ಅಲ್ಲ.

ಅಂಗಡಿಯೋರನ್ನೂ ಪೂರ್ತಿ ಬೈಯೋಕೆ ಆಗಲ್ಲ. "ತೊಟ್ಟಿ ಇವತ್ತು ತಗೊಳ್ಳಿ, ಮೀನಿಗೆ ಮುಂದಿನ ತಿಂಗಳು ಬನ್ನಿ" ಅಂದ್ರೆ ನಾವೇ ಪಕ್ಕದ ಅಂಗಡಿಗೆ ಹೋಗ್ತೀವಿ. ಕಾಯಲ್ಲ ಅನ್ನೋ ಗಿರಾಕಿ ಇರೋವರೆಗೂ ಕಾಯೋದು ಬೇಡ ಅನ್ನೋ ಬಾಟ್ಲು ಇದ್ದೇ ಇರತ್ತೆ. ನಾವು ಕೇಳೋ ರೀತಿ ಬದಲಾಗಬೇಕು. ಬಾಟ್ಲು ತಗೊಳ್ಳೋದೇ ಆದ್ರೆ ಯಾವ ಜಾತಿ ಬರೆದಿದೆ ನೋಡಿ, ತಾರೀಖು ನೋಡಿ, ತಣ್ಣಗೆ ಇಟ್ಟಿದ್ರಾ ಅಂತ ಕೇಳಿ. ಇನ್ನೂ ಒಳ್ಳೇದು ಅಂದ್ರೆ, ಅವರ ಅಂಗಡೀಲೇ ಇಪ್ಪತ್ತು ತೊಟ್ಟಿ ಓಡ್ತಿರತ್ತೆ, "ನಿಮ್ಮ ಹಳೇ ಫಿಲ್ಟರಿಂದ ಒಂದು ತುಂಡು ಸ್ಪಂಜು ಕೊಡ್ತೀರಾ?" ಅಂತ ಕೇಳಿ. ವಿಷಯ ಗೊತ್ತಿರೋ ಅಂಗಡಿಯವರು ನಕ್ಕು ಕೊಡ್ತಾರೆ.

ನಮ್ಮನೆ ತೊಟ್ಟಿ ನಾಲ್ಕು ವರ್ಷದಿಂದ ಓಡ್ತಿದೆ, ಈ ವರ್ಷ ರೋಗ ರುಜಿನ ಏನೂ ಇಲ್ಲ. ಸ್ಪಂಜಿನ ಹೆಪ್ಪು ಬೇಕಾದೋರು ಮುಚ್ಚಳ ಇರೋ ಡಬ್ಬಿ ತಗೊಂಡು ಬನ್ನಿ. ಸಂಜೆ ದೀಪ ಹಚ್ಚೋಕೆ ಮುಂಚೆ ಬನ್ನಿ ಮತ್ತೆ. ಆಮೇಲೆ ಹೆಪ್ಪು ಕೊಡಬಾರದು ಅಂತ ನಮ್ಮತ್ತೆ ಮೊಸರಿಗೆ ಮಾಡಿರೋ ಕಾನೂನು ಇದಕ್ಕೂ ಅನ್ವಯಿಸತ್ತಂತೆ.